ರಿಸೆಪ್ಷನ್ ಸೂಟು ಎಲ್ಲಿ ತಗೊಳ್ಳೋದು ಸರ್? – ಓದುಗರ ಪ್ರಶ್ನೆ, ನಮ್ಮ ಉತ್ತರ

ಮದುವೆ ಸೀಸನ್ ಹತ್ರ ಬರ್ತಿದೆ ಅಂತ ನಮಗೆ ಬರೋ ಪತ್ರ, ಮೆಸೇಜ್ ನೋಡಿದ್ರೇ ಗೊತ್ತಾಗತ್ತೆ. ಈ ಸಲ ಅರ್ಧಕ್ಕಿಂತ ಜಾಸ್ತಿ ಗಂಡಸರ ಬಟ್ಟೆ ಬಗ್ಗೆನೇ ಬಂದಿವೆ, ಸೀರೆ ಬಗ್ಗೆ ಕೇಳೋರು ಕಮ್ಮಿ, ಬಹುಶಃ ಅದು ಅವರಿಗೆ ಆಗ್ಲೇ ಗೊತ್ತಿರತ್ತೆ. ಒಂದೇ ಥರದ ಪ್ರಶ್ನೆಗಳನ್ನ ಸೇರಿಸಿ ಉತ್ತರ ಕೊಟ್ಟಿದೀವಿ.

ಪ್ರಶ್ನೆ: ಸರ್, ನಾನು ದಾವಣಗೆರೆ ಕಡೆಯವನು, ಮಾನ್ಯತಾ ಟೆಕ್ ಪಾರ್ಕಲ್ಲಿ ಕೆಲಸ. ಫೆಬ್ರವರಿಲಿ ಮದುವೆ. ಮುಹೂರ್ತಕ್ಕೆ ಪಂಚೆ ಶಲ್ಯ ಫಿಕ್ಸ್, ಅದು ಮನೆಯವರ ತಲೆನೋವು. ರಿಸೆಪ್ಷನ್ನಿಗೆ ಮಾತ್ರ ಡಿಸೈನರ್ ಸೂಟೇ ಹಾಕ್ಬೇಕು ಅಂತ ಆಸೆ. 40 ಸಾವಿರ ಇಟ್ಕೊಂಡಿದೀನಿ, ಎಳೆದ್ರೆ 50. ಬೆಂಗಳೂರಲ್ಲಿ ಎಲ್ಲಿಗೆ ಹೋಗ್ಲಿ? ಯುಬಿ ಸಿಟಿ ಒಳಗೆ ಕಾಲಿಡೋಕೆ ನಿಜವಾಗ್ಲೂ ಧೈರ್ಯ ಬರ್ತಿಲ್ಲ, ಗಾಜಿನ ಬಾಗಿಲಾಚೆ ನಿಂತಿರೋರು ನಮ್ಮ ಚಪ್ಪಲಿ ನೋಡ್ತಾರೆ ಅನ್ಸತ್ತೆ.

ಉತ್ತರ: ಮೊದಲು ಆ ಗಾಜಿನ ಬಾಗಿಲಿನ ವಿಷಯ ಮುಗಿಸಿಬಿಡೋಣ. ಒಂದು ಶನಿವಾರ ಕಬ್ಬನ್ ಪಾರ್ಕ್ ಮೆಟ್ರೋ ಸ್ಟೇಷನ್ನಲ್ಲಿ ಇಳಿದು ವಿಠ್ಠಲ್ ಮಲ್ಯ ರಸ್ತೆ ಕಡೆ ನಡ್ಕೊಂಡು ಹೋಗಿ. ಯುಬಿ ಸಿಟಿ ಶುರುವಾಗಿದ್ದು 2008ರಲ್ಲಿ, ಲೂಯಿ ವಿಟಾನ್ ಥರದ ದೊಡ್ಡ ಹೆಸರುಗಳನ್ನೆಲ್ಲ ಒಂದೇ ಸೂರಿನಡಿ ತಂದು ಈ ಊರಲ್ಲಿ ಅಂಥಾ ಶಾಪಿಂಗಿಗೆ ಒಂದು ಅಡ್ರೆಸ್ ಅಂತ ಮಾಡಿದ್ದೇ ಅದು. ಅದೇ ರಸ್ತೆಲಿ ಆದಿತ್ಯ ಬಿರ್ಲಾದವರ 'ದಿ ಕಲೆಕ್ಟಿವ್' ಇದೆ, ಹೊರದೇಶದ ಹತ್ತಾರು ಬ್ರ್ಯಾಂಡುಗಳನ್ನ ಒಂದೇ ಅಂಗಡಿಲಿ ಇಟ್ಟಿರೋದು. ನಿಮ್ಮ ಚಪ್ಪಲಿ ಯಾರೂ ನೋಡಲ್ಲ. ಜಯನಗರದಿಂದ ಬಂದೋರು, ಹೊಸಕೋಟೆಯಿಂದ ಕಾರಲ್ಲಿ ಬಂದು ಸುಮ್ನೆ ಏಸಿಲಿ ಓಡಾಡೋರು, ಎಲ್ಲರನ್ನೂ ಆ ಸಿಬ್ಬಂದಿ ದಿನಾ ನೋಡಿರ್ತಾರೆ.

ಅಲ್ಲಿಗೆ ಹೋಗಿ ಅಂತ ಹೇಳ್ತಿರೋದು ಕೊಂಡ್ಕೊಳ್ಳೋಕಲ್ಲ. ನಿಮ್ಮ ಬಜೆಟ್ಟಿಗೆ ಇಟಲಿ ಸೂಟು ಬರಲ್ಲ, ಬರೋ ಹಾಗಿದ್ರೂ ನಾನು ಬೇಡ ಅಂತಿದ್ದೆ. ಒಂದೆರಡು ಒಳ್ಳೆ ಕೋಟು ಹಾಕಿ ನೋಡಿ, ಅಷ್ಟೇ. ಭುಜದ ಹೊಲಿಗೆ ಎಲ್ಲಿ ನಿಲ್ಲತ್ತೆ, ಕತ್ತಿನ ಹಿಂದೆ ಕಾಲರ್ ಶರ್ಟಿಗೆ ಹೇಗೆ ಅಂಟಿಕೊಳ್ಳತ್ತೆ, ಕೈ ಎತ್ತಿದ್ರೆ ಇಡೀ ಕೋಟು ಮೇಲೆ ಬರತ್ತಾ ಇಲ್ವಾ, ಇದನ್ನೆಲ್ಲ ಒಂದ್ಸಲ ಮೈಮೇಲೆ ಅನುಭವಿಸಿದ್ರೆ ಆಮೇಲೆ ಯಾವ ಅಂಗಡಿಯವನೂ ನಿಮಗೆ 'ಪರ್ಫೆಕ್ಟ್ ಫಿಟ್ಟಿಂಗ್ ಸಾರ್' ಅಂತ ಕಿವಿ ಮೇಲೆ ಹೂ ಇಡೋಕಾಗಲ್ಲ. ಅದೇ ಕೆಲಸಕ್ಕೆ ನಿಮ್ಮ ಆಫೀಸಿಂದ ಹತ್ರ ಆಗೋದು ಬ್ಯಾಟರಾಯನಪುರದ ಫೀನಿಕ್ಸ್ ಮಾಲ್ ಆಫ್ ಏಷ್ಯಾ, 2023ರ ಅಕ್ಟೋಬರ್‌ನಲ್ಲಿ ಓಪನ್ ಆಗಿದ್ದು. ಭಾನುವಾರ ಸಂಜೆ ಮಾತ್ರ ಆ ಬಳ್ಳಾರಿ ರೋಡಿಗೆ ಹೋಗ್ಬೇಡಿ.

ಈಗ 'ಡಿಸೈನರ್' ವಿಷಯ. ನಮ್ಮೂರಲ್ಲೇ ಗಂಡಸರ ಬಟ್ಟೆಗೆ ಹೆಸರು ಮಾಡಿರೋ ಮನೋವಿರಾಜ್ ಖೋಸ್ಲಾ ಅಂಥವರಿದ್ದಾರೆ. ಬಂದ್‌ಗಲಾ, ಜೋಧ್‌ಪುರಿ (ಕತ್ತಿನ ತನಕ ಗುಂಡಿ ಹಾಕೋ ಕೋಟು) ಅಂದ್ರೆ ರಾಘವೇಂದ್ರ ರಾಥೋಡ್ ಹೆಸರು ಮೊದಲು ಬರತ್ತೆ. ಇವರ ಕೈಯಲ್ಲಿ ಹೊಸದಾಗಿ ಮಾಡಿಸ್ಕೊಳ್ಳೋದು ಅಂದ್ರೆ ನಿಮ್ಮ 40 ಸಾವಿರ ಸಾಕಾಗಲ್ಲ, ಅದು ಬೇರೆ ಲೆಕ್ಕ. ಡಿಸೈನರ್ ಹೆಸರು ಬೇಕೇ ಬೇಕು, ದುಡ್ಡೂ ಕೈ ಮೀರಬಾರದು ಅಂದ್ರೆ 'ತಸ್ವಾ' ನೋಡಿ, ಡಿಸೈನರ್ ತರುಣ್ ತಹಿಲಿಯಾನಿ ಮತ್ತು ಆದಿತ್ಯ ಬಿರ್ಲಾದವರು ಸೇರಿ 2021ರಲ್ಲಿ ಶುರು ಮಾಡಿದ್ದು, ಶೇರ್ವಾನಿ, ಕುರ್ತಾ, ಬಂದ್‌ಗಲಾ ಎಲ್ಲ ರೆಡಿಮೇಡ್ ಸಿಗತ್ತೆ. ಡಿಸೈನರ್ ಸ್ವತಃ ಕೂತು ನಿಮಗಾಗಿ ಗೀಚಿದ್ದಲ್ಲ, ಆದ್ರೆ ಕಟ್ ಚೆನ್ನಾಗಿರತ್ತೆ.

ಆದ್ರೆ ನೀವು ಕೇಳಿರೋದು ಸೂಟು. ಸೂಟಿಗೆ ನನ್ನ ಉತ್ತರ ಯಾವಾಗ್ಲೂ ಒಂದೇ, ಲೇಬಲ್ಲಿಗೆ ಹಾಕೋ ದುಡ್ಡನ್ನ ಬಟ್ಟೆಗೂ ಹೊಲಿಗೆಗೂ ಹಾಕಿ. ಬೆಂಗಳೂರು ಈ ವಿಷಯದಲ್ಲಿ ಪುಣ್ಯ ಮಾಡಿರೋ ಊರು, ಕಂಟೋನ್ಮೆಂಟ್ ಇದ್ದ ಕಾಲದಿಂದ ಇಲ್ಲಿ ಕೋಟು ಹೊಲಿಯೋ ಕೈಗಳಿವೆ. ಪಿ.ಎನ್. ರಾವ್ ಅವರ ಅಂಗಡಿ 1923ರಿಂದ ಇದೆ. ರೇಮಂಡ್‌ನವರ ಮೇಡ್ ಟು ಮೆಷರ್ ಇದೆ. ಇನ್ನು ಶಿವಾಜಿನಗರ, ಕಮರ್ಷಿಯಲ್ ಸ್ಟ್ರೀಟ್ ಸುತ್ತಮುತ್ತ, ಮಲ್ಲೇಶ್ವರ, ಜಯನಗರ, ಎಲ್ಲ ಕಡೆ ಹಳೇ ಟೈಲರ್‌ಗಳಿದ್ದಾರೆ, ಬೋರ್ಡು ಮಾಸಿರತ್ತೆ, ಒಳಗೆ ಕಟಿಂಗ್ ಮಾಸ್ಟರ್ ಕೈ ಮಾತ್ರ ಖಡಕ್.

ಮೇಡ್ ಟು ಮೆಷರ್ ಅಂದ್ರೆ ಕಂಪನಿ ಹತ್ರ ಮೊದಲೇ ಇರೋ ಪ್ಯಾಟರ್ನನ್ನ ನಿಮ್ಮ ಅಳತೆಗೆ ಹೆಚ್ಚುಕಮ್ಮಿ ಮಾಡೋದು. ಬೆಸ್ಪೋಕ್ ಅಂದ್ರೆ ನಿಮಗಂತಾನೇ ಪೇಪರಿಂದ ಹೊಸ ಪ್ಯಾಟರ್ನ್ ಹಾಕಿ, ಅರ್ಧ ಹೊಲಿದು ಟ್ರಯಲ್ ನೋಡಿ, ಬಿಚ್ಚಿ, ಮತ್ತೆ ಹೊಲಿಯೋದು. ಒಂದು ಭುಜ ಇಳಿದಿರೋರು, ಬೆನ್ನು ಸ್ವಲ್ಪ ಬಾಗಿರೋರು (ಲ್ಯಾಪ್‌ಟಾಪ್ ಮುಂದೆ ಕೂತೋರು ಎಲ್ಲರೂ ಹಾಗೇ), ಹೊಟ್ಟೆ ಇರೋರು, ಇವರಿಗೆ ಎರಡನೇದೇ ಸರಿ. ಉಳಿದೋರಿಗೆ ಮೊದಲನೇದು ಸಾಕು.

ಅಂಗಡಿಲಿ ಒಂದು ಪ್ರಶ್ನೆ ಕೇಳಲೇಬೇಕು, ಕೋಟು ಫ್ಯೂಸ್ಡಾ ಅಥವಾ ಕ್ಯಾನ್ವಾಸಾ ಅಂತ. ಕೋಟಿನ ಎದೆ ಭಾಗದಲ್ಲಿ ಹೊರಗಿನ ಬಟ್ಟೆಗೂ ಒಳಗಿನ ಲೈನಿಂಗಿಗೂ ಮಧ್ಯೆ ಇನ್ನೊಂದು ಪದರ ಇರತ್ತೆ, ಕೋಟಿಗೆ ಆಕಾರ ಬರೋದೇ ಅದರಿಂದ. ಅದನ್ನ ಬಿಸಿ ಪ್ರೆಸ್ಸಲ್ಲಿ ಗೋಂದು ಕರಗಿಸಿ ಅಂಟಿಸಿದ್ರೆ ಫ್ಯೂಸ್ಡ್. ಬೇಗ ಆಗತ್ತೆ, ಅಗ್ಗ, ಆದ್ರೆ ಕೆಲವು ಸಲ ಡ್ರೈಕ್ಲೀನ್ ಆದ್ಮೇಲೆ ಗೋಂದು ಬಿಟ್ಟು ಎದೆ ಮೇಲೆ ಗುಳ್ಳೆ ಗುಳ್ಳೆ ಏಳತ್ತೆ, ಬಿಸಿ ಕಾವಲಿ ಮೇಲಿನ ಚಪಾತಿ ಥರ, ಅದನ್ನ ಯಾವ ಇಸ್ತ್ರಿ ಹಾಕಿದ್ರೂ ಕೂರಿಸೋಕಾಗಲ್ಲ. ಕ್ಯಾನ್ವಾಸ್ ಅಂದ್ರೆ ಆ ಪದರವನ್ನ ಹೊಲಿದು ಕೂರಿಸಿರ್ತಾರೆ, ಒಳ್ಳೇದರಲ್ಲಿ ಕುದುರೆ ಕೂದಲು ಸೇರಿಸಿ ನೇಯ್ದ ಬಟ್ಟೆ ಇರತ್ತೆ, ಹಾಕ್ತಾ ಹಾಕ್ತಾ ಮೈಗೆ ಹೊಂದಿಕೊಳ್ಳತ್ತೆ. ಫುಲ್ ಕ್ಯಾನ್ವಾಸ್ ದುಬಾರಿ, ಹಾಫ್ ಕ್ಯಾನ್ವಾಸ್ ಅಂತ ಕೇಳಿ, ಎದೆ ಭಾಗಕ್ಕೆ ಮಾತ್ರ ಇರತ್ತೆ, ನಿಮಗೆ ಅದು ಧಾರಾಳ. ಪರೀಕ್ಷೆ ಮಾಡೋದು ಸುಲಭ, ಗುಂಡಿ ಹತ್ರ ಮುಂಭಾಗವನ್ನ ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದ್ರೆ ಹೊರಗಿನದ್ದು ಒಳಗಿನದ್ದು ಬಿಟ್ಟು ಮಧ್ಯ ಮೂರನೇ ಪದರ ಬೇರೆಯಾಗಿ ಜಾರೋದು ಗೊತ್ತಾದ್ರೆ ಕ್ಯಾನ್ವಾಸ್. ಹಾಫ್ ಕ್ಯಾನ್ವಾಸ್ ಆದ್ರೆ ಇದನ್ನ ಎದೆ ಹತ್ರ ನೋಡ್ಬೇಕು, ಕೆಳಗೆ ಅಂಟಿಸಿರ್ತಾರೆ. ಅಂಗಡಿ ಹುಡುಗ ಈ ಪ್ರಶ್ನೆಗೆ ಕಣ್ಣು ಕಣ್ಣು ಬಿಟ್ರೆ ಥ್ಯಾಂಕ್ಸ್ ಹೇಳಿ ಮುಂದಿನ ಅಂಗಡಿಗೆ ನಡೀರಿ.

ಬಟ್ಟೆ ವಿಷಯದಲ್ಲಿ 'ಸೂಪರ್ 100, ಸೂಪರ್ 120, ಸೂಪರ್ 150' ಅಂತ ಹೇಳ್ತಾರಲ್ಲ, ಅದು ಉಣ್ಣೆ ಎಳೆ ಎಷ್ಟು ಸಣ್ಣ ಅಂತ ತೋರಿಸೋ ನಂಬರ್, ಜಾಸ್ತಿ ಆದಷ್ಟೂ ಎಳೆ ಸಣ್ಣ, ಮೆತ್ತಗೆ, ರೇಟೂ ಜಾಸ್ತಿ. ಹಾಗಂತ 150 ತಗೊಳ್ಳೋದು ಜಾಣತನ ಅಲ್ಲ, ಬೇಗ ಸುಕ್ಕಾಗತ್ತೆ, ಸ್ಟೇಜ್ ಮೇಲೆ ಕೂತು ಎದ್ದು ಕೂತು ಎದ್ದು ಮಾಡೋ ಮದುಮಗನಿಗೆ 100, 120 ಬೆಸ್ಟ್. ಅಪ್ಪಟ ಉಣ್ಣೆ ಭಾರ ಆಯ್ತು ಅಂದ್ರೆ ಟೆರಿವುಲ್ ಇದೆ, ಪಾಲಿಯೆಸ್ಟರ್ ಮತ್ತು ಉಣ್ಣೆ ಸೇರಿದ್ದು, ಸುಕ್ಕು ಕಮ್ಮಿ. ಪೂರ್ತಿ ಪಾಲಿಯೆಸ್ಟರ್ ಮಾತ್ರ ಮುಟ್ಟಬೇಡಿ, ಫೆಬ್ರವರಿ ಬೆಂಗಳೂರು ತಣ್ಣಗಿದ್ರೂ ಸ್ಟೇಜ್ ಲೈಟಿನ ಕೆಳಗೆ ಎರಡು ಗಂಟೆ ನಿಂತ್ರೆ ಬೆವರಲ್ಲಿ ತೋಯ್ದು ತೊಪ್ಪೆ ಆಗ್ತೀರ. ಫಳಫಳ ಹೊಳೆಯೋ ಬಟ್ಟೆನೂ ಬೇಡ, ಎಲ್ಇಡಿ ಲೈಟಿಗೆ ಫೋಟೋದಲ್ಲಿ ಕೋಟು ಒಂದೇ ಕಾಣತ್ತೆ, ಮುಖ ಕಾಣಲ್ಲ. ಗಾಢ ನೀಲಿ, ಬಾಟಲ್ ಗ್ರೀನ್, ಚಾರ್ಕೋಲ್ ಬೂದು ನನ್ನ ವೋಟು. ಹುಡುಗಿ ಸೀರೆ ಬಣ್ಣಕ್ಕೆ ಕರೆಕ್ಟಾಗಿ ಮ್ಯಾಚ್ ಮಾಡೋಕೆ ಹೋಗ್ಬೇಡಿ, ಯೂನಿಫಾರಂ ಥರ ಆಗತ್ತೆ. ಜೇಬಿನ ಕರ್ಚೀಫಲ್ಲಿ ಆ ಬಣ್ಣ ತಂದ್ರೆ ಸಾಕು.

ಲೆಕ್ಕ ಹೇಳ್ತೀನಿ. 58 ಇಂಚು ಪನ್ನದ (ಅಗಲದ) ಸೂಟಿಂಗ್ ಬಟ್ಟೆ ಆದ್ರೆ ಟೂ ಪೀಸಿಗೆ, ಅಂದ್ರೆ ಕೋಟು ಪ್ಯಾಂಟಿಗೆ, 3ರಿಂದ 3.25 ಮೀಟರ್ ಬೇಕು, ವೇಸ್ಟ್‌ಕೋಟೂ ಬೇಕಂದ್ರೆ ಸ್ವಲ್ಪ ಜಾಸ್ತಿ. ಬಟ್ಟೆ ಮೀಟರ್ ಲೆಕ್ಕದಲ್ಲಿ ತಗೊಂಡ್ರೆ ಜಿಎಸ್‌ಟಿ 5%. ರೆಡಿಮೇಡ್ ಆದ್ರೆ 2025ರ ಸೆಪ್ಟೆಂಬರ್ 22ರಿಂದ ಒಂದು ಪೀಸು 2,500 ರೂಪಾಯಿ ತನಕ 5%, ಅದರ ಮೇಲೆ ಹೋದ್ರೆ 18%. ಈ 18ರ ಜಾಗದಲ್ಲಿ ಮೊದಲು 12 ಇತ್ತು. ಅಂದ್ರೆ ಹೊಲಿಸೋರಿಗೆ ಈಗ ಇನ್ನೂ ಲಾಭ.

ಟೈಮು ಬಹಳ ಮುಖ್ಯ. ಫೆಬ್ರವರಿ ಮದುವೆ ಅಂದ್ರೆ ಡಿಸೆಂಬರ್ ಮೊದಲ ವಾರಕ್ಕೆ ಅಳತೆ ಕೊಟ್ಟಿರ್ಬೇಕು, ಜನವರಿ ಬಂದ್ರೆ ಎಲ್ಲ ಮಾಸ್ಟರ್‌ಗಳ ಕೈ ತುಂಬಿರತ್ತೆ. ಕೊನೇ ಟ್ರಯಲ್ ಮಾತ್ರ ಮದುವೆಗೆ ಒಂದು ವಾರ ಹತ್ತು ದಿನ ಇರೋವಾಗ ಇಟ್ಕೊಳಿ. ಹುಡುಗರು ಆ ತಿಂಗಳಲ್ಲಿ ಜಿಮ್ಮಿಗೆ ಹೋಗಿ ಇಳೀತಾರೆ, ಇಲ್ಲಾಂದ್ರೆ ನೆಂಟರ ಮನೆ ಊಟ ಮಾಡಿ ಏರ್ತಾರೆ. ಮಾಸ್ಟರಿಗೆ 'ಒಳಗೆ ಮಾರ್ಜಿನ್ ಬಿಡಿ' ಅಂತ ಹೇಳೋದು ಮರೀಬೇಡಿ. ಟ್ರಯಲ್‌ಗೆ ಹೋಗೋವಾಗ ರಿಸೆಪ್ಷನ್ನಿಗೆ ಹಾಕೋ ಶೂ ಮತ್ತು ಶರ್ಟೇ ಹಾಕ್ಕೊಂಡು ಹೋಗಿ, ಪ್ಯಾಂಟ್ ಉದ್ದ ಶೂ ಮೇಲೆ ಡಿಪೆಂಡ್ ಆಗತ್ತೆ. ಕೋಟಿನ ತೋಳಿಂದ ಶರ್ಟಿನ ಕಫ್ ಅರ್ಧ ಇಂಚು ಕಾಣ್ಬೇಕು. ಕೆಳಗಿನ ಗುಂಡಿ ಹಾಕ್ಬಾರ್ದು. ಅಷ್ಟು ಸಾಕು, ನಿಮ್ಮ 40 ಸಾವಿರದಲ್ಲಿ ಶೂನೂ ಬರತ್ತೆ ಅಂತ ನನ್ನ ಅಂದಾಜು.

ಪ್ರಶ್ನೆ: ಕಮರ್ಷಿಯಲ್ ಸ್ಟ್ರೀಟಾ, ಚಿಕ್ಕಪೇಟೆನಾ, ಮಾಲಾ? ನಮ್ಮಪ್ಪ ಚಿಕ್ಕಪೇಟೆ ಬಿಟ್ಟು ಆಚೆ ಕಾಲಿಡಲ್ಲ, ತಮ್ಮ ಮಾಲ್ ಬಿಟ್ಟು ಬರಲ್ಲ. ಮನೇಲಿ ದಿನಾ ಜಗಳ. – ವಿಜಯನಗರದಿಂದ ಒಬ್ಬ ಓದುಗರು

ಉತ್ತರ: ಅಪ್ಪನೂ ಸರಿ, ತಮ್ಮನೂ ಸರಿ, ಅವರು ಕೊಳ್ಳೋ ವಸ್ತು ಬೇರೆ ಬೇರೆ ಅಷ್ಟೇ. ಸೂಟಿಂಗ್ ಶರ್ಟಿಂಗ್ ಬಟ್ಟೆ, ಪಂಚೆ, ಶಲ್ಯ, ಮೈಸೂರು ಪೇಟ, ಮದುವೆಗೆ ಕೊಡೋ ಉಡುಗೊರೆ ಬಟ್ಟೆ, ಇವಕ್ಕೆಲ್ಲ ಚಿಕ್ಕಪೇಟೆ, ಅವೆನ್ಯೂ ರೋಡ್ ಕಡೆನೇ ಹೋಗ್ಬೇಕು. ಗ್ರೀನ್ ಲೈನ್ ಮೆಟ್ರೋ ಚಿಕ್ಕಪೇಟೆ ಸ್ಟೇಷನ್ನಲ್ಲೇ ಇಳಿಸತ್ತೆ, ಕಾರು ತಗೊಂಡು ಹೋಗಿ ಅಲ್ಲಿ ಪಾರ್ಕಿಂಗ್ ಹುಡುಕೋದು ಪೂರ್ವಜನ್ಮದ ಪಾಪ. ಭಾನುವಾರ ಬಹಳಷ್ಟು ಹೋಲ್‌ಸೇಲ್ ಅಂಗಡಿ ಮುಚ್ಚಿರತ್ವೆ, ವಾರದ ದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಹೋದ್ರೆ ಅಂಗಡಿಯವರಿಗೂ ಪುರುಸೊತ್ತಿರತ್ತೆ, ಗಾದಿ ಮೇಲೆ ಕೂರಿಸಿ ಬಟ್ಟೆ ಸುರುಳಿ ಬಿಚ್ಚಿ ತೋರಿಸ್ತಾರೆ. ಚೌಕಾಸಿ ಮಾಡ್ಬಹುದು, ಮಾಡ್ಲೇಬೇಕು. ಬಟ್ಟೆಯ ಅಂಚಲ್ಲಿ ಮಿಲ್ಲಿನ ಹೆಸರು ನೇಯ್ದಿರತ್ತಲ್ಲ, ಅದನ್ನ ಓದಿ, ಕತ್ತರಿಸೋಕೆ ಮುಂಚೆ.

ಕಮರ್ಷಿಯಲ್ ಸ್ಟ್ರೀಟಿನ ವಿಶೇಷ ಅಂದ್ರೆ ಬಟ್ಟೆ, ಲೈನಿಂಗ್, ಗುಂಡಿ, ಲೇಸು, ಟೈಲರ್, ಆಲ್ಟರೇಷನ್, ಶೂ ಎಲ್ಲ ನಡೆದಾಡೋ ದೂರದಲ್ಲಿ ಸಿಗೋದು. ರೆಡಿಮೇಡ್ ಶೇರ್ವಾನಿ, ಇಂಡೋ ವೆಸ್ಟರ್ನ್ ಬೇಕಾದ್ರೆ ಹತ್ತಾರು ಅಂಗಡಿ ಒಂದೇ ಸಾಲಲ್ಲಿ, ಬೋರಾದ್ರೆ ಪಕ್ಕದ ಗಲ್ಲಿಲಿ ಸಮೋಸ. ಇದಕ್ಕೂ ಕಬ್ಬನ್ ಪಾರ್ಕ್ ಅಥವಾ ಎಂಜಿ ರೋಡ್ ಮೆಟ್ರೋದಲ್ಲಿ ಇಳಿದು ಆಟೋ ಹಿಡೀಬಹುದು, ನಡೆಯೋರು ನಡೀಬಹುದು.

ಮಾಲಿಗೆ ಯಾಕೆ ಹೋಗ್ಬೇಕು ಅಂದ್ರೆ ಸೈಜ್ ನೋಡೋಕೆ, ಟ್ರಯಲ್ ರೂಮು ಚೆನ್ನಾಗಿರತ್ತೆ, ಎಕ್ಸ್‌ಚೇಂಜ್ ತಕರಾರಿಲ್ಲ. ಮಂತ್ರಿ ಸ್ಕ್ವೇರ್ ಅಂತೂ ಮೆಟ್ರೋ ಸ್ಟೇಷನ್ನಿಗೆ ಅಂಟಿಕೊಂಡೇ ಇದೆ. ವಿಜಯನಗರದವರಿಗೆ ಒರಾಯನ್ ಮಾಲೂ ದೂರ ಅಲ್ಲ. ಇಂದಿರಾನಗರದ 100 ಅಡಿ ರಸ್ತೆ ಬೇರೆ ಥರ, ಅಲ್ಲಿ ಬ್ರ್ಯಾಂಡ್ ಶೋರೂಮುಗಳ ಮಧ್ಯೆ ಸಣ್ಣ ಬುಟೀಕುಗಳೂ ಇವೆ, ಹೊಸ ಡಿಸೈನರ್ ಹುಡುಗರ ಕೈಕೆಲಸ ನೋಡೋಕೆ ಆ ಕಡೆ ಒಂದು ಸುತ್ತು ಹಾಕಿ. ಎಚ್ಎಸ್ಆರ್ ಲೇಔಟಲ್ಲಿ ನಿಫ್ಟ್ ಇದೆಯಲ್ಲ, ಫ್ಯಾಷನ್ ಕಾಲೇಜು, 1997ರಿಂದ ಇದೆ. ಅಲ್ಲಿ ಕಲಿತ ಹುಡುಗ ಹುಡುಗಿಯರು ಚಿಕ್ಕದಾಗಿ ಸ್ಟುಡಿಯೋ ಶುರು ಮಾಡಿದಾಗ ಮಾಡ್ಸಿಕೊಂಡ್ರೆ ರೇಟು ಕಮ್ಮಿ, ಉತ್ಸಾಹ ಜಾಸ್ತಿ.

ಅಪ್ಪನ್ನ ಒಂದ್ಸಲ ಮಾಲಿಗೆ ಕರ್ಕೊಂಡು ಹೋಗಿ ಶರ್ಟ್ ಬೆಲೆ ಮಾತ್ರ ತೋರಿಸ್ಬೇಡಿ.

ಪ್ರಶ್ನೆ: ಮಗ ಹಾಸನದಲ್ಲಿ ಇಂಜಿನಿಯರಿಂಗ್ ಮುಗಿಸಿ ಬೆಂಗಳೂರಲ್ಲಿ ಕೆಲಸಕ್ಕೆ ಸೇರ್ತಿದಾನೆ. ಕೋಟು ಸೂಟು ಕೊಡಿಸ್ಲಾ? ಒಳ್ಳೆ ಬ್ರ್ಯಾಂಡ್ ಬಟ್ಟೆ ಕಮ್ಮಿಗೆ ಎಲ್ಲಿ ಸಿಗತ್ತೆ ಹೇಳಿ. – ಒಬ್ಬ ತಾಯಿ

ಉತ್ತರ: ಅಮ್ಮಾ, ಸೂಟು ಬೇಡ್ವೇ ಬೇಡ. ಬೆಂಗಳೂರಿನ ಐಟಿ ಆಫೀಸಲ್ಲಿ ಮ್ಯಾನೇಜರ್ರೇ ಟೀಶರ್ಟ್ ಹಾಕ್ಕೊಂಡು ಬರ್ತಾರೆ, ನಿಮ್ಮ ಮಗ ಟೈ ಕಟ್ಟಿ ಹೋದ್ರೆ ಕ್ಯಾಬ್ ಡ್ರೈವರ್ ಕೂಡ 'ಸಾರ್ ಮದುವೆನಾ' ಅಂತ ಕೇಳ್ತಾನೆ. ಬ್ಯಾಂಕು, ಹೋಟೆಲ್, ಲಾ ಫರ್ಮ್ ಆದ್ರೆ ಮಾತು ಬೇರೆ. ನಾಲ್ಕು ಶರ್ಟು, ಎರಡು ಪ್ಯಾಂಟು, ಒಂದು ಒಳ್ಳೆ ನೀಲಿ ಬ್ಲೇಜರ್, ಚರ್ಮದ ಶೂ. ಬ್ಲೇಜರ್ ಕೂಡ ಮೊದಲ ಸಂಬಳ ಬಂದ್ಮೇಲೆ ಅವನೇ ತಗೊಳ್ಲಿ.

ನಿಮಗೊಂದು ವಿಷಯ ಗೊತ್ತಾ, ಇಡೀ ದೇಶ ಆಫೀಸಿಗೆ ಹಾಕ್ಕೊಂಡು ಹೋಗೋ ಶರ್ಟುಗಳ ವ್ಯವಹಾರ ನಡೆಯೋದೇ ಈ ಊರಿಂದ. ಲೂಯಿ ಫಿಲಿಪ್ 1989ರಲ್ಲಿ, ವ್ಯಾನ್ ಹ್ಯೂಸೆನ್ 1990ರಲ್ಲಿ, ಅಲೆನ್ ಸಾಲಿ 1993ರಲ್ಲಿ, ಪೀಟರ್ ಇಂಗ್ಲೆಂಡ್ 1997ರಲ್ಲಿ, ಹೆಸರು ಕೇಳಿದ್ರೆ ಲಂಡನ್ನು, ಇಲ್ಲಿ ಬೆಳೆಸಿದ್ದು ಬೆಂಗಳೂರಿನ ಮಧುರಾ ಗಾರ್ಮೆಂಟ್ಸ್, ಈಗ ಆದಿತ್ಯ ಬಿರ್ಲಾದವರದ್ದು. ಮೈಸೂರು ರೋಡ್, ಪೀಣ್ಯ, ಬೊಮ್ಮನಹಳ್ಳಿ ಕಡೆ ಗಾರ್ಮೆಂಟ್ ಫ್ಯಾಕ್ಟರಿಗಳಲ್ಲಿ ಕೆಲಸ ಮಾಡೋ ನಮ್ಮ ಹಾಸನ, ಮಂಡ್ಯ, ತುಮಕೂರಿನ ಹೆಣ್ಣುಮಕ್ಕಳ ಕೈಯಿಂದ ಅದೆಷ್ಟು ಬ್ರ್ಯಾಂಡು ಹೊರಗೆ ಹೋಗತ್ತೋ. ಹಾಗಾಗಿ ಇಲ್ಲಿ ಫ್ಯಾಕ್ಟರಿ ಔಟ್‌ಲೆಟ್, ಎಕ್ಸ್‌ಪೋರ್ಟ್ ಸರ್‌ಪ್ಲಸ್ (ಹೊರದೇಶಕ್ಕೆ ಅಂತ ಹೊಲಿದು ಉಳಿದಿದ್ದು) ಅಂಗಡಿ ಜಾಸ್ತಿ. ಮಾರತಹಳ್ಳಿ ಔಟರ್ ರಿಂಗ್ ರೋಡ್ ಪಕ್ಕ ಸಾಲು ಸಾಲಾಗಿವೆ. ಹೋದಾಗ ಎರಡು ವಿಷಯ ನೋಡ್ಕೊಳಿ. ಒಂದು, ಕೆಲವು ಮಾಲು ಔಟ್‌ಲೆಟ್ಟಿಗಂತಾನೇ ಮಾಡಿದ್ದು, ಶೋರೂಮಲ್ಲಿ ಯಾವತ್ತೂ ಇರ್ಲಿಲ್ಲ, ಹಾಗಾಗಿ '60% ಆಫ್' ಅನ್ನೋದು ಬರೀ ಲೇಬಲ್ ಮೇಲಿನ ಆಟ. ಎರಡು, ಸರ್‌ಪ್ಲಸ್ಸಲ್ಲಿ ಡಿಫೆಕ್ಟ್ ಪೀಸ್ ಇರತ್ತೆ, ಶರ್ಟನ್ನ ಬೆಳಕಿಗೆ ಹಿಡಿದು ಬಟ್ಟೆ ನೋಡಿ, ಎರಡೂ ಕಾಲರ್ ತುದಿ ಒಂದೇ ಅಳತೆನಾ ನೋಡಿ, ಎರಡೂ ತೋಳು ಜೋಡಿಸಿ ಉದ್ದ ನೋಡಿ. ಇಷ್ಟು ಪಾಸಾದ್ರೆ ಕಣ್ಣು ಮುಚ್ಚಿ ತಗೊಳಿ.

ಪ್ರಶ್ನೆ: ನನಗೆ ಈ ಬ್ರ್ಯಾಂಡು ಗೀಂಡು ಬೇಡ, ಆದ್ರೆ ಫಂಕ್ಷನ್ನಲ್ಲಿ ಚೆನ್ನಾಗಿ ಕಾಣ್ಬೇಕು. ನಮ್ಮ ಕಡೆ ನೇಯ್ಗೆ ಬಟ್ಟೆಲಿ ಗಂಡಸರಿಗೆ ಏನಾದ್ರೂ ಸ್ಟೈಲಾಗಿ ಸಿಗತ್ತಾ? – ಶಿವಮೊಗ್ಗ ಮೂಲದ ಮೇಷ್ಟ್ರು, ಈಗ ಯಲಹಂಕ

ಉತ್ತರ: ಮೇಷ್ಟ್ರೇ, ಈ ಕಂತಿನ ಅತ್ಯಂತ ಖುಷಿ ಕೊಟ್ಟ ಪ್ರಶ್ನೆ. ನಿಮ್ಮ ಜಿಲ್ಲೆಯದ್ದೇ ಇದೆಯಲ್ಲ, ಸಾಗರ ತಾಲೂಕು ಹೆಗ್ಗೋಡಿನ ಹತ್ರ ಭೀಮನಕೋಣೆಯ 'ಚರಕ', ರಂಗಕರ್ಮಿ ಪ್ರಸನ್ನ ಅವರ ಮುಂದಾಳತ್ವದಲ್ಲಿ ಬೆಳೆದ ಹೆಣ್ಣುಮಕ್ಕಳ ಸಹಕಾರ ಸಂಘ. ಅಡಿಕೆ ಚೊಗರಿನಂಥ (ಅಡಿಕೆ ಬೇಯಿಸಿದ ಕಂದು ನೀರು) ನೈಸರ್ಗಿಕ ಬಣ್ಣ ಹಾಕಿದ ಕೈಮಗ್ಗದ ಜುಬ್ಬಾಗಳು 'ದೇಸಿ' ಅಂಗಡಿಗಳಲ್ಲಿ ಸಿಗ್ತವೆ, ಬೆಂಗಳೂರಲ್ಲೂ ಇವೆ. ಆ ಚೊಗರಿನ ಕೆಂಗಂದು ಬಣ್ಣ ಯಾವ ಕಂಪನಿಯ ಕಲರ್ ಕಾರ್ಡಲ್ಲೂ ಇಲ್ಲ. ಮೊದಲ ಸಲ ಬೇರೆಯಾಗಿ ಒಗೀಬೇಕು, ನೆರಳಲ್ಲಿ ಒಣಗಿಸ್ಬೇಕು, ಅಷ್ಟೇ ರಗಳೆ.

ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮ 1975ರಿಂದ ಇದೆ, ಅವರ 'ಪ್ರಿಯದರ್ಶಿನಿ' ಮಳಿಗೆಗಳಲ್ಲಿ ಶರ್ಟಿಂಗ್ ತಗೊಂಡು ಹೊಲಿಸಿ. ಅಂಗಡಿ ಡಿಸ್‌ಪ್ಲೇ ನೋಡಿ ವಾಪಸ್ ಬರ್ಬೇಡಿ, ಒಳಗೆ ಕಪಾಟಲ್ಲಿ ಕೇಳಿ ತೆಗೆಸ್ಬೇಕು. ಖಾದಿ ಭಂಡಾರಗಳಲ್ಲಿ ಗಾಂಧಿ ಜಯಂತಿ ಸುತ್ತಮುತ್ತ ರಿಯಾಯ್ತಿ ಇರತ್ತೆ, ವರ್ಷದ ಜುಬ್ಬಾ ಬಟ್ಟೆ ಆಗ ತಗೊಂಡಿಡೋರು ನನಗೆ ಗೊತ್ತಿರೋರಲ್ಲೇ ಬಹಳ ಜನ.

ಸ್ಟೈಲು ಅಂದ್ರಲ್ಲ, ಗುಳೇದಗುಡ್ಡದ ಖಣದಲ್ಲಿ ತೋಳಿಲ್ಲದ ಜಾಕೆಟ್ ಹೊಲಿಸಿ ನೋಡಿ. ಬಿಳಿ ಅಥವಾ ಕೆನೆ ಬಣ್ಣದ ಜುಬ್ಬಾ ಮೇಲೆ ಖಣದ ಜಾಕೆಟ್ ಹಾಕಿದ್ರೆ ಮಂಟಪದಲ್ಲಿ ಡಿಸೈನರ್ ಶೇರ್ವಾನಿ ಹಾಕಿದೋರು ತಿರುಗಿ ನೋಡ್ತಾರೆ. ಕುಬಸಕ್ಕೆ ಅಂತ ನೇಯ್ದಿದ್ದು, ಪನ್ನ ಚಿಕ್ಕದು, ಹಾಗಾಗಿ ತಗೊಳ್ಳೋಕೆ ಮುಂಚೆ ಎಷ್ಟು ಪೀಸ್ ಬೇಕು ಅಂತ ಟೈಲರ್ ಹತ್ರ ಕೇಳ್ಕೊಂಡು ಹೋಗಿ. ಒಳಗೆ ಹತ್ತಿ ಲೈನಿಂಗ್ ಹಾಕ್ಸಿ. ಪವರ್‌ಲೂಮ್ ಖಣಾನೂ ಮಾರ್ಕೆಟ್ಟಲ್ಲಿ ತುಂಬಾ ಇದೆ, ಅದಕ್ಕೆ ಕೈಮಗ್ಗದ ರೇಟು ಕೊಡ್ಬೇಡಿ.

ಪ್ರಶ್ನೆ: ರೇಷ್ಮೆ ಪಂಚೆ ಅಂತ ಕೊಟ್ರು, ಮನೆಗೆ ಬಂದು ನೋಡಿದ್ರೆ ಅನುಮಾನ. ಹೇಗೆ ಗೊತ್ತು ಮಾಡ್ಕೊಳ್ಳೋದು?

ಉತ್ತರ: ಅಂಚಿಂದ ಒಂದೆರಡು ಎಳೆ ಕಿತ್ತು ಸುಟ್ಟು ನೋಡಿ. ರೇಷ್ಮೆ ಆದ್ರೆ ಕೂದಲು ಸುಟ್ಟ ವಾಸನೆ, ಬೂದಿ ಬೆರಳಲ್ಲಿ ಪುಡಿ ಆಗತ್ತೆ. ಪಾಲಿಯೆಸ್ಟರ್ ಆದ್ರೆ ಕರಗಿ ಗಟ್ಟಿ ಮಣಿ ಥರ ಆಗತ್ತೆ. ಮುಂದಿನ ಸಲ ಸಿಲ್ಕ್ ಮಾರ್ಕ್ ಲೇಬಲ್ ಇರೋದು ಕೇಳಿ ತಗೊಳಿ, ಅದನ್ನ ನಡೆಸೋದು ಕೇಂದ್ರ ರೇಷ್ಮೆ ಮಂಡಳಿ, ಅದೇ ನಮ್ಮ ಸಿಲ್ಕ್ ಬೋರ್ಡ್ ಜಂಕ್ಷನ್ನಿಗೆ ಹೆಸರು ಕೊಟ್ಟ ಆಫೀಸು, ಟ್ರಾಫಿಕ್ಕಲ್ಲಿ ನಿಂತಾಗ ಬೈಕೊಳ್ತೀವಲ್ಲ. ಬಿಲ್ಲಲ್ಲಿ 'ಆರ್ಟ್ ಸಿಲ್ಕ್' ಅಂತಿದ್ರೆ ಅದು ಕೃತಕ ರೇಷ್ಮೆ, ಕಲಾತ್ಮಕ ಅಂತ ಖುಷಿ ಪಡ್ಬೇಡಿ. ಅನುಮಾನವೇ ಬೇಡ ಅನ್ನೋರಿಗೆ ರಾಜ್ಯ ಸರ್ಕಾರದ ರೇಷ್ಮೆ ನಿಗಮ ಕೆಎಸ್ಐಸಿಯ ಮೈಸೂರು ಸಿಲ್ಕ್ ಮಳಿಗೆಗಳಿವೆ, 1912ರಲ್ಲಿ ಮೈಸೂರಲ್ಲಿ ಮಹಾರಾಜರ ಕಾಲದಲ್ಲಿ ಶುರುವಾದ ಕಾರ್ಖಾನೆಯ ಮಾಲು.

ಪ್ರಶ್ನೆ: ಸೇಲ್ ಅಂತ ಹೋದೆ. 'ಫ್ಲಾಟ್ 50' ಬೋರ್ಡು, ಬಿಲ್ಲಲ್ಲಿ ಅದರ ಮೇಲೆ ಜಿಎಸ್‌ಟಿ ಬೇರೆ ಹಾಕಿದಾರೆ. ಮನೆಗೆ ಬಂದು ನೋಡಿದ್ರೆ ಬ್ಲೇಜರ್ ಕಂಕುಳಲ್ಲಿ ಹೊಲಿಗೆ ಬಿಟ್ಟಿದೆ. 'ನೋ ಎಕ್ಸ್‌ಚೇಂಜ್ ನೋ ರಿಫಂಡ್' ಅಂತ ಬಿಲ್ಲಲ್ಲಿದೆ ಅಂತ ವಾಪಸ್ ಕಳಿಸಿದ್ರು. – ಬನಶಂಕರಿ

ಉತ್ತರ: ಎರಡಕ್ಕೂ ನೀವು ಸುಮ್ನಿರ್ಬೇಕಾಗಿಲ್ಲ. ಎಂಆರ್‌ಪಿ ಅಂದ್ರೆ ಎಲ್ಲ ತೆರಿಗೆ ಸೇರಿದ ಬೆಲೆ. 4,000 ಎಂಆರ್‌ಪಿಗೆ ಫ್ಲಾಟ್ 50 ಅಂತ ಬೋರ್ಡ್ ಹಾಕಿದ್ರೆ 2,000 ತಗೋಬೇಕು, ಅದರ ಮೇಲೆ ತೆರಿಗೆ ಅಂತ ಮತ್ತೆ ಸೇರಿಸೋದು ಸರಿಯಲ್ಲ ಅಂತ ಜಿಎಸ್‌ಟಿಗೂ ಮುಂಚಿನ ವ್ಯಾಟ್ ತೆರಿಗೆ ಕಾಲದಲ್ಲೇ ರಾಷ್ಟ್ರೀಯ ಗ್ರಾಹಕ ಆಯೋಗ ಹೇಳಿದೆ. ಇನ್ನು ಡಿಫೆಕ್ಟ್ ಇರೋ ಮಾಲು ವಾಪಸ್ ತಗೊಳ್ಳಲ್ಲ, ದುಡ್ಡೂ ಕೊಡಲ್ಲ ಅನ್ನೋದನ್ನ 2019ರ ಗ್ರಾಹಕ ರಕ್ಷಣಾ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿ ಅಂತಾನೇ ಲೆಕ್ಕ ಹಾಕತ್ತೆ, ಬಿಲ್ಲಲ್ಲಿ ದಿನ ಹಾಕಿದ್ರೆ ಅಷ್ಟು ದಿನ, ಹಾಕದೇ ಇದ್ರೆ 30 ದಿನ. ನೆನಪಿಡಿ, ಇದು ದೋಷ ಇರೋ ಮಾಲಿಗೆ ಮಾತ್ರ, 'ಮನೇಲಿ ಹೆಂಡ್ತಿಗೆ ಕಲರ್ ಇಷ್ಟ ಆಗ್ಲಿಲ್ಲ' ಅನ್ನೋದಕ್ಕಲ್ಲ. ಹೊಲಿಗೆ ಬಿಟ್ಟಿರೋ ಜಾಗದ ಫೋಟೋ, ಬಿಲ್ಲು, ಪ್ರೈಸ್ ಟ್ಯಾಗ್ ಇಟ್ಕೊಂಡು 1915ಕ್ಕೆ ಫೋನ್ ಮಾಡಿ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಬಹಳ ಸಲ ಆ ಕಂಪ್ಲೇಂಟ್ ನಂಬರ್ ತೋರಿಸಿದ್ರೇ ಮ್ಯಾನೇಜರ್ ಒಳಗಿಂದ ಎದ್ದು ಬರ್ತಾನೆ.

ಸೇಲ್ ಯಾವಾಗ ಅಂತಾನೂ ಹೇಳ್ಬಿಡ್ತೀನಿ. ಬ್ರ್ಯಾಂಡ್‌ಗಳದ್ದು ಜೂನ್ ಕೊನೆ ಜುಲೈ, ಆಮೇಲೆ ಡಿಸೆಂಬರ್ ಕೊನೆ ಜನವರಿ. ಅದರ ಜೊತೆ ನಮ್ಮ ಆಷಾಢ, ಮದುವೆ ಮುಂಜಿ ಇಲ್ಲದ ತಿಂಗಳು, ಅಂಗಡಿ ಖಾಲಿ ಹೊಡೀತಿರತ್ತೆ. ಮುಂದಿನ ವರ್ಷ ಮದುವೆ ಇರೋರು ಸೂಟಿಂಗ್ ಬಟ್ಟೆ ಆಗ್ಲೇ ತಗೊಂಡಿಡಿ. ಶುಭಕಾರ್ಯದ ಬಟ್ಟೆ ಆಷಾಢದಲ್ಲಿ ತರಬಾರದು ಅಂತ ಅಜ್ಜಿ ಗಲಾಟೆ ಮಾಡಿದ್ರೆ ಬಟ್ಟೆ ತಂದು ಶ್ರಾವಣದಲ್ಲಿ ಹೊಲಿಯೋಕೆ ಹಾಕಿ, ಇಬ್ಬರೂ ಗೆದ್ದ ಹಾಗೆ.

ಪ್ರಶ್ನೆ: ನನ್ನದು 46 ಸೈಜು. ಯಾವ ಡಿಸೈನರ್ ಅಂಗಡಿಗೆ ಹೋದ್ರೂ '42ರವರೆಗೆ ಇದೆ ಸಾರ್' ಅಂತಾರೆ.

ಉತ್ತರ: ಹೋಗ್ಲೇಬೇಡಿ, ಹೊಲಿಸಿ. ಹೊಟ್ಟೆಗೆ ಸರಿ ಆಗೋ ರೆಡಿಮೇಡ್ ಕೋಟು ಭುಜದಲ್ಲಿ ಜೋತಾಡತ್ತೆ, ಸೊಂಟ, ತೋಳು, ಪ್ಯಾಂಟ್ ಉದ್ದ ಆಲ್ಟರ್ ಮಾಡ್ಬಹುದು, ಭುಜ ಆಲ್ಟರ್ ಮಾಡೋದು ಅಂದ್ರೆ ಹೊಸ ಕೋಟು ಹೊಲಿದ ಹಾಗೇ. ಪ್ಯಾಂಟು ಹೊಟ್ಟೆ ಕೆಳಗೆ ಇಳಿಸಿ ಕಟ್ಟೋದು ಬಿಟ್ಟು ನಡುವಿಗೆ ಬರೋ ಹಾಗೆ ಹೊಲಿಸಿ, ಎತ್ತರನೂ ಜಾಸ್ತಿ ಕಾಣತ್ತೆ.

ಪ್ರಶ್ನೆ: ಒಂದು ದಿನಕ್ಕೆ ಶೇರ್ವಾನಿ ಬಾಡಿಗೆಗೆ ತಗೊಂಡ್ರೆ ಅವಮಾನನಾ? – ಕೆಂಗೇರಿ

ಉತ್ತರ: ಬೀರುವಿನಲ್ಲಿ ನ್ಯಾಫ್ತಲಿನ್ ಗುಳಿಗೆ ಜೊತೆ ಮಲಗಿಸೋಕೆ 30 ಸಾವಿರ ಕೊಡೋದಕ್ಕಿಂತ ಬಾಡಿಗೆ ಎಷ್ಟೋ ವಾಸಿ. ಸೂಟು ಮತ್ತೆ ಮತ್ತೆ ಹಾಕ್ತೀರ, ಜರಿ ಕೆಲಸದ ಶೇರ್ವಾನಿ ನಿಮ್ಮ ಮದುವೆ ಆದ್ಮೇಲೆ ಎಲ್ಲಿಗೆ ಹಾಕ್ತೀರ ಹೇಳಿ. ಡೆಪಾಸಿಟ್ ಎಷ್ಟು, ಕುಂಕುಮ ಅರಿಶಿನದ ಕಲೆ ಆದ್ರೆ ಎಷ್ಟು ಕತ್ತರಿಸ್ತಾರೆ ಅಂತ ಬರೆಸ್ಕೊಳಿ, ತಗೊಳ್ಳೋವಾಗ್ಲೇ ಒಳಗೂ ಹೊರಗೂ ವಿಡಿಯೋ ಮಾಡಿ ಅವರ ವಾಟ್ಸಾಪಿಗೆ ಕಳಿಸಿ. ಹಿಂದಿನ ದಿನವೇ ಮನೆಗೆ ತಂದಿಟ್ಕೊಳಿ.

ಪ್ರಶ್ನೆ: ಮಾಲಿಗೆ ಪಂಚೆ ಉಟ್ಕೊಂಡು ಹೋದ್ರೆ ಈಗ ಬಿಡ್ತಾರಾ? ನಮ್ಮ ಮಾವ ಹಾವೇರಿಯಿಂದ ಬರ್ತಿದಾರೆ, ಅವರಿಗೆ ಪ್ಯಾಂಟ್ ಅಭ್ಯಾಸ ಇಲ್ಲ. ಜೊತೆಗೆ ಕರ್ಕೊಂಡು ಹೋಗಿ ಅಳಿಯನಿಗೆ, ಅಂದ್ರೆ ನನಗೇ, ಬಟ್ಟೆ ಕೊಡಿಸ್ತಾರಂತೆ.

ಉತ್ತರ: ಬಿಡ್ಲೇಬೇಕು. 2024ರ ಜುಲೈಯಲ್ಲಿ ಮಾಗಡಿ ರಸ್ತೆಯ ಮಾಲೊಂದರಲ್ಲಿ ಪಂಚೆ ಉಟ್ಟಿದ್ದ ಹಿರಿಯ ರೈತರೊಬ್ಬರನ್ನ ಒಳಗೆ ಬಿಡದೇ ಇದ್ದಿದ್ದಕ್ಕೆ ದೊಡ್ಡ ಗಲಾಟೆ ಆಗಿ ವಿಧಾನಸಭೆಲಿ ಚರ್ಚೆ ಆಗಿ ಸರ್ಕಾರ ಆ ಮಾಲನ್ನ ಏಳು ದಿನ ಮುಚ್ಚಿಸ್ತು, ಅವರೂ ಹಾವೇರಿ ಕಡೆಯವರೇ. ಹಾಗಾಗಿ ಮಾವನವರು ಧೈರ್ಯವಾಗಿ ಬರ್ಲಿ. ಎಸ್ಕಲೇಟರ್ ಹತ್ತೋವಾಗ ಮಾತ್ರ ಪಂಚೆ ತುದಿ ಎತ್ತಿ ಹಿಡ್ಕೊಳ್ಳೋಕೆ ಹೇಳಿ, ಇಲ್ಲಾಂದ್ರೆ ಲಿಫ್ಟಲ್ಲಿ ಕರ್ಕೊಂಡು ಹೋಗಿ. ನಿಮಗೂ ಮದುವೆ ದಿನ ಉಡೋಕೆ ಭಯ ಇದ್ರೆ ಈಗ ವೆಲ್ಕ್ರೋ ಇರೋ ರೆಡಿಮೇಡ್ ಪಂಚೆ ಸಿಗತ್ತೆ, ಮೊಬೈಲ್ ಇಡೋಕೆ ಜೇಬೂ ಇರತ್ತೆ. ಮಾವ ನೋಡಿದ್ರೆ ನಗ್ತಾರೆ, ಅವರ ಹತ್ರಾನೇ ಉಡೋದು ಕಲ್ತುಬಿಡಿ, ಮಾಲಿಂದ ವಾಪಸ್ ಬಂದ್ಮೇಲೆ ಅರ್ಧ ಗಂಟೆ ಕೆಲಸ.